ಹೃದಯ ಸುಮ್ಮನಿರುವಾಗಲೂ ಬಿಪಿ ಸೊನ್ನೆಗೆ ಯಾಕೆ ಇಳಿಯುವುದಿಲ್ಲ? (ಲೆಕ್ಕ ಹಾಕಿ ತೋರಿಸುವವರು ಬೇಕು)

ಕರೆಂಟ್ ಹೋಯ್ತು

ನಾನು ಎಲೆಕ್ಟ್ರಿಕಲ್ ಬಿಇ, ಐದನೇ ಸೆಮ್. ಪಿಯುಸಿಯಲ್ಲಿ ಬಯಾಲಜಿ ತಗೊಂಡಿರಲಿಲ್ಲ, ಹಾಗಾಗಿ ಪ್ರಶ್ನೆ ಬಾಲಿಶ ಅನ್ನಿಸಿದರೆ ಬೈಯಬೇಡಿ.

ಹೋದ ವಾರ ಊರಿಗೆ ಹೋದಾಗ ಹೊಸ ಬಿಪಿ ಮಶೀನ್ ಅಂತ ಮನೆಯವರಿಗೆಲ್ಲ ಪಟ್ಟಿ ಕಟ್ಟಿ ನೋಡಿದೆ. ಅಪ್ಪನದು 124/82. ಅಜ್ಜಿಯದು 158/70. ಬಿಪಿ ಜಾಸ್ತಿ ಅಂದ್ರೆ ಎರಡೂ ಅಂಕಿ ಜಾಸ್ತಿ ಇರಬೇಕಲ್ವಾ? ಅಜ್ಜಿಗೆ ಮೇಲಿನದು ಅಷ್ಟು ಏರಿದೆ, ಕೆಳಗಿನದು ಅಪ್ಪನಿಗಿಂತಲೂ ಕಡಿಮೆ. ಅಜ್ಜಿ ಡಾಕ್ಟರ್ ಹತ್ತಿರ ತೋರಿಸುತ್ತಿದ್ದಾರೆ, ಮಾತ್ರೆಯೂ ನಡೆದಿದೆ. ಔಷಧಿ ಸಲಹೆ ಬೇಡ, ಇದು ಹೇಗೆ ಆಗುತ್ತೆ ಅನ್ನೋದು ಬೇಕು.

ಓದಲು ಕೂತರೆ ಇನ್ನೊಂದು ಗೊಂದಲ. ಎಡ ಹೃತ್ಕುಕ್ಷಿ (ಮೈಗೆಲ್ಲ ರಕ್ತ ತಳ್ಳುವ ಹೃದಯದ ಕೋಣೆ) ಸಡಿಲಾದಾಗ ಅದರೊಳಗಿನ ಒತ್ತಡ ಪಾದರಸದ 10 ಮಿಮೀಗಿಂತ ಕೆಳಗೆ ಹೋಗುತ್ತದಂತೆ. ಅದೇ ಹೊತ್ತಿಗೆ ಅಯೋರ್ಟಾದಲ್ಲಿ (ಅಲ್ಲಿಂದ ಹೊರಡುವ ದೊಡ್ಡ ರಕ್ತನಾಳದಲ್ಲಿ) 80 ಇರುತ್ತದೆ. ಕವಾಟ ಮುಚ್ಚಿದೆ, ರಕ್ತ ವಾಪಸ್ ಬರುವುದಿಲ್ಲ, ಅಲ್ಲಿಯವರೆಗೆ ಸರಿ. ಆದರೆ ಪಂಪ್ ಆಫ್ ಆದ ಮೇಲೆ ಮುಂದಕ್ಕೆ ತಳ್ಳುತ್ತಿರುವವರು ಯಾರು?

ಹೃದಯದ ಗಣಿತ ಮಾಡೆಲ್ ಅಂತ ಹುಡುಕಿದರೆ ಬಣ್ಣಬಣ್ಣದ 3ಡಿ ಚಿತ್ರಗಳೇ ಸಿಗುತ್ತವೆ, ಅದಕ್ಕೆಲ್ಲ ಸೂಪರ್ ಕಂಪ್ಯೂಟರ್ ಬೇಕು. ನನ್ನ ಹತ್ತಿರ ಇರುವುದು ಹಳೇ ಲ್ಯಾಪ್‌ಟಾಪ್. ಇದರಲ್ಲಿ ಏನಾದರೂ ಮಾಡಬಹುದಾ?

ಪೇಟಿ ಮಾಸ್ತರ

ತಮ್ಮಾ, ನನಗೆ ಗಣಿತ ಬರುವುದಿಲ್ಲ. ಆದರೆ ತಳ್ಳುವವರು ಯಾರು ಅನ್ನೋದಕ್ಕೆ ಉತ್ತರ ನನ್ನ ಮುಂದೇ ಕೂತಿದೆ, ಹಾರ್ಮೋನಿಯಂ.

ಎಡಗೈಯಲ್ಲಿ ಹಿಂದಿನ ತಿದಿ ಒತ್ತುತ್ತೇವೆ, ಬಿಡುತ್ತೇವೆ, ಮತ್ತೆ ಒತ್ತುತ್ತೇವೆ. ಕೈ ಬಿಟ್ಟ ಹೊತ್ತಲ್ಲಿ ಸ್ವರ ನಿಲ್ಲುತ್ತದಾ? ಇಲ್ಲ. ಯಾಕಂದ್ರೆ ಪೆಟ್ಟಿಗೆಯೊಳಗೆ ಇನ್ನೊಂದು ತಿದಿ ಇದೆ, ಅದಕ್ಕೆ ಸ್ಪ್ರಿಂಗ್ ಇದೆ. ನಾವು ಒತ್ತಿದ ಗಾಳಿಯಲ್ಲಿ ಒಂದಿಷ್ಟು ನೇರ ರೀಡಿಗೆ ಹೋಗುತ್ತದೆ, ಉಳಿದದ್ದು ಈ ಒಳ ತಿದಿಯನ್ನು ಹಿಗ್ಗಿಸಿ ಕೂರುತ್ತದೆ. ಕೈ ಬಿಟ್ಟಾಗ ಸ್ಪ್ರಿಂಗು ಅದನ್ನು ನಿಧಾನಕ್ಕೆ ತಳ್ಳುತ್ತದೆ. ಗಾಳಿ ಹಿಂದಕ್ಕೆ ಹೋಗದಂತೆ ಚರ್ಮದ ಪಟ್ಟಿಯೂ ಇದೆ, ಅದೇ ನಿನ್ನ ಕವಾಟ.

ಒಂದು ಸಲ ನನ್ನ ಹಳೇ ಪೇಟಿಯ ಒಳ ತಿದಿ ಒಣಗಿ ಬಿರುಸಾಗಿ ಹಿಗ್ಗುವುದೇ ಬಿಟ್ಟಿತು. ಭಜನೆಗೆ ಕೂತಿದ್ದೆ. ಒತ್ತಿದಾಗ ಕಿರುಚುತ್ತಿತ್ತು, ಬಿಟ್ಟಾಗ ಉಸಿರೇ ಇಲ್ಲ. ನಿಮ್ಮ ಅಜ್ಜಿಯ 158/70 ನೋಡಿದ ಕೂಡಲೇ ನನಗೆ ಆ ರಾತ್ರಿ ನೆನಪಾಯಿತು.

ಇಸಾರ್ ದಂಡೆ

ಮಾಸ್ತರ್ರೇ, ನಮಸ್ಕಾರ. ನಾವು ಇಲ್ಲಿ ಒಂದು ಸೆಮಿಸ್ಟರಿನಲ್ಲಿ ಹೇಳುವುದನ್ನು ನೀವು ಎರಡು ಪ್ಯಾರಾದಲ್ಲಿ ಮುಗಿಸಿದಿರಿ.

ನಾನಿರುವುದು ಮ್ಯೂನಿಕ್‌ನಲ್ಲಿ, ಕೆಲಸ ರಕ್ತದ ಹರಿವಿನ ಸಿಮ್ಯುಲೇಶನ್. ಈ ಮಾಡೆಲ್ ಗಣಿತದ ರೂಪಕ್ಕೆ ಬಂದದ್ದೂ ಇದೇ ಊರಿನಲ್ಲಿ. 1899ರಲ್ಲಿ ಓಟ್ಟೋ ಫ್ರಾಂಕ್ ಅನ್ನುವ ಶರೀರಶಾಸ್ತ್ರಜ್ಞ ಬರೆದದ್ದು. ಹೆಸರು ವಿಂಡ್‌ಕೆಸೆಲ್. ಜರ್ಮನ್‌ನಲ್ಲಿ ಕೆಸೆಲ್ ಅಂದ್ರೆ ನಮ್ಮ ಬಚ್ಚಲಮನೆ ಹಂಡೆಯಂಥದ್ದು, ಒಟ್ಟಿಗೆ ಗಾಳಿ ಹಂಡೆ ಅನ್ನಿ. ಹಳೇ ಕಾಲದ ಬೆಂಕಿ ಆರಿಸುವ ಕೈಪಂಪಿನಲ್ಲಿ ಇಂಥ ಹಂಡೆ ಇರುತ್ತಿತ್ತು. ಕೈ ನಿಂತು ನಿಂತು ಒತ್ತಿದರೂ ನೀರು ಒಂದೇ ಸಮನೆ ಚಿಮ್ಮುತ್ತಿತ್ತು.

ಈ ಹೋಲಿಕೆ ಫ್ರಾಂಕ್‌ಗಿಂತ ಹಳೆಯದು. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಅನ್ನುವ ಪಾದ್ರಿ 1733ರ ತನ್ನ ಪುಸ್ತಕದಲ್ಲೇ ಇದನ್ನು ಹೇಳಿದ್ದಾನೆ. ಕುದುರೆಯನ್ನು ಕಟ್ಟಿ ಮಲಗಿಸಿ ಅದರ ರಕ್ತನಾಳಕ್ಕೆ ಉದ್ದದ ಗಾಜಿನ ಕೊಳವೆ ಜೋಡಿಸಿ ರಕ್ತ ಎಷ್ಟು ಎತ್ತರ ಏರುತ್ತದೆ ಅಂತ ಅಳೆದವನು ಇವನೇ. 8 ಅಡಿ 3 ಇಂಚು. ಪಾದರಸದ ಲೆಕ್ಕಕ್ಕೆ ತಂದರೆ 195 ಮಿಮೀ ಆಸುಪಾಸು. ಕಟ್ಟಿಹಾಕಿದ ಕುದುರೆಯ ಬಿಪಿ, ಏರದೆ ಇರುತ್ತದಾ!

ಈಗ ಲೆಕ್ಕ. ನೀವು ಎಲೆಕ್ಟ್ರಿಕಲ್ ಆದ್ದರಿಂದ ಅರ್ಧ ಕೆಲಸ ಮುಗಿದಂತೆಯೇ. ಒತ್ತಡ ಅಂದ್ರೆ ವೋಲ್ಟೇಜ್, ರಕ್ತದ ಹರಿವು ಅಂದ್ರೆ ಕರೆಂಟ್, ಸಣ್ಣ ರಕ್ತನಾಳಗಳ ಅಡ್ಡಿ ರೆಸಿಸ್ಟರ್, ದೊಡ್ಡ ರಕ್ತನಾಳದ ಹಿಗ್ಗುವ ಗುಣ ಕೆಪಾಸಿಟರ್ (ಚಾರ್ಜ್ ತುಂಬಿಟ್ಟುಕೊಂಡು ಆಮೇಲೆ ಬಿಡುವ ಭಾಗ), ಕವಾಟ ಡಯೋಡ್ (ಒಂದೇ ದಿಕ್ಕಿಗೆ ಬಿಡುವ ಭಾಗ). ಸಮೀಕರಣ ಒಂದೇ ಒಂದು: ಒಳಬಂದ ರಕ್ತದಿಂದ ಹೊರಹೋದದ್ದನ್ನು ಕಳೆದರೆ ಉಳಿಯುವುದು ಅಯೋರ್ಟಾ ಹಿಗ್ಗಿ ಹಿಡಿದಿಟ್ಟ ರಕ್ತ.

ಎಕ್ಸೆಲ್ ಸಾಕು. ಒಂದು ಬಡಿತಕ್ಕೆ 0.83 ಸೆಕೆಂಡ್, ಅಂದ್ರೆ ನಿಮಿಷಕ್ಕೆ 72. ಮೊದಲ 0.3 ಸೆಕೆಂಡಿನಲ್ಲಿ ಹೃದಯ 70 ಮಿಲೀ ಹೊರಹಾಕುತ್ತದೆ ಅಂದುಕೊಳ್ಳಿ, ಆ ಹೊತ್ತಿಗೆ ಒಳಹರಿವು ಸೆಕೆಂಡಿಗೆ 233 ಮಿಲೀ, ಉಳಿದ ಹೊತ್ತಿಗೆ ಸೊನ್ನೆ. ಅಡ್ಡಿ 1.1 ಇಡಿ (ಸೆಕೆಂಡಿಗೆ ಒಂದು ಮಿಲೀ ಹರಿಸಲು 1.1 ಮಿಮೀ ಒತ್ತಡ ಬೇಕು ಅಂತ). ಹಿಗ್ಗು 1.5 ಇಡಿ (ಒತ್ತಡ ಒಂದು ಮಿಮೀ ಏರಿದರೆ 1.5 ಮಿಲೀ ಹಿಡಿಸುತ್ತದೆ). ಪ್ರತಿ ಸಾಲು 0.01 ಸೆಕೆಂಡ್. ಹೊರಹರಿವು ಅಂದ್ರೆ ಆ ಕ್ಷಣದ ಒತ್ತಡವನ್ನು ಅಡ್ಡಿಯಿಂದ ಭಾಗಿಸಿದ್ದು. ಒಳಹರಿವಿನಿಂದ ಅದನ್ನು ಕಳೆಯಿರಿ, 0.01ರಿಂದ ಗುಣಿಸಿ, ಹಿಗ್ಗಿನಿಂದ ಭಾಗಿಸಿ, ಹಳೇ ಒತ್ತಡಕ್ಕೆ ಸೇರಿಸಿ. ಕೆಳಕ್ಕೆ ಎಳೆಯಿರಿ. ಮುಗೀತು. ಆಮೇಲೆ ಅಜ್ಜಿಗಾಗಿ ಹಿಗ್ಗನ್ನು ಅರ್ಧಕ್ಕೆ ಇಳಿಸಿ ನೋಡಿ, ಬೇರೆ ಏನೂ ಮುಟ್ಟಬೇಡಿ.

ಕರೆಂಟ್ ಹೋಯ್ತು

ಮಾಡಿದೆ!! ಮೊದಲು ತಲೆಕೆಟ್ಟು ಹೋಯಿತು, ಒತ್ತಡ 50 ದಾಟುತ್ತಲೇ ಇರಲಿಲ್ಲ. ಆಮೇಲೆ ಗೊತ್ತಾಯಿತು, ಸೊನ್ನೆಯಿಂದ ಶುರು ಮಾಡಿ ಒಂದೇ ಬಡಿತ ನೋಡುತ್ತಿದ್ದೆ. ಖಾಲಿ ಕೆಪಾಸಿಟರ್ ಚಾರ್ಜ್ ಆಗಲು ಹೊತ್ತು ಬೇಕಲ್ವಾ, ಹತ್ತು ಬಡಿತ ಓಡಿಸಿದ ಮೇಲೆ ನೆಲೆಗೆ ಬಂತು.

ಸಿಕ್ಕಿದ್ದು 108/78. ಹಿಗ್ಗು 0.75 ಮಾಡಿದರೆ 123/65. ಮೇಲಿನದು ಏರಿತು, ಕೆಳಗಿನದು ಇಳಿಯಿತು, ಸರಾಸರಿ ಮಾತ್ರ 93 ಬಿಟ್ಟು ಅಲ್ಲಾಡಲಿಲ್ಲ. ಸರಾಸರಿಯನ್ನು ಅಡ್ಡಿ ನೋಡಿಕೊಳ್ಳುತ್ತದೆ, ಏರಿಳಿತವನ್ನು ಹಿಗ್ಗು ನೋಡಿಕೊಳ್ಳುತ್ತದೆ ಅಂತ ಅರ್ಥ ಮಾಡಿಕೊಂಡೆ. ಆಮೇಲೆ ಅಡ್ಡಿ 1.3, ಹಿಗ್ಗು 0.5 ಇಟ್ಟೆ. 155/69. ಅಜ್ಜಿ ಸಿಕ್ಕಿಬಿಟ್ಟರು! ಅಂದ್ರೆ ಅಜ್ಜಿಯ ಅಯೋರ್ಟಾ ಅಪ್ಪನದಕ್ಕಿಂತ ಮೂರು ಪಟ್ಟು ಬಿರುಸು ಅಂತ ಆಯ್ತಲ್ಲ?

ಫಿಸಿಯೋ ಮೇಡಂ

ಆಗಲಿಲ್ಲ. ಸಂಭ್ರಮಕ್ಕೆ ತಣ್ಣೀರು ಹಾಕುವುದು ಬೇಜಾರು, ಆದರೆ ಎಂಬಿಬಿಎಸ್ ಮಕ್ಕಳಿಗೆ ದಿನಾ ಹೇಳುವ ಮಾತು ಇದು, ನಿಮಗೂ ಹೇಳಿಬಿಡುತ್ತೇನೆ. ನಿಮ್ಮ ಕೈಯಲ್ಲಿ ಇದ್ದ ಅಳತೆ ಎರಡು, 158 ಮತ್ತು 70. ತಿರುಗಿಸಲು ಇದ್ದ ಗುಂಡಿಗಳೂ ಎರಡು. ಎರಡು ಗುಂಡಿ ತಿರುಗಿಸಿದರೆ ಎರಡು ಅಂಕಿ ಕೂರದೆ ಎಲ್ಲಿ ಹೋಗುತ್ತವೆ? ಅಜ್ಜಿಯ ಹೃದಯ 70 ಮಿಲೀ ಹಾಕುತ್ತದೆ ಅಂತ ನಿಮಗೆ ಹೇಳಿದವರು ಯಾರು? ಅದು 55 ಇದ್ದರೆ ಉತ್ತರವೇ ಬೇರೆ.

ವಯಸ್ಸಾದಂತೆ ದೊಡ್ಡ ರಕ್ತನಾಳಗಳು ಬಿರುಸಾಗುವುದು ನಿಜ, ಮೇಲಿನದು ಮಾತ್ರ ಏರಿ ಕೆಳಗಿನದು ಇಳಿಯಲು ಅದೇ ಮುಖ್ಯ ಕಾರಣ ಅನ್ನೋದೂ ನಿಜ. ದಿಕ್ಕು ಸರಿಯಾಗಿ ಹಿಡಿದಿದ್ದೀರಿ. "ಮೂರು ಪಟ್ಟು" ಅನ್ನೋದನ್ನು ಮಾತ್ರ ಅಳಿಸಿ.

ಇನ್ನೊಂದು. ನಿಮ್ಮ ಮಾಡೆಲ್‌ನಲ್ಲಿ ಹೃದಯವೇ ಇಲ್ಲ! ಏನೇ ಆದರೂ 70 ಮಿಲೀ ತಳ್ಳುವ ಒಂದು ಮೊಂಡು ಯಂತ್ರ ಇದೆ ಅಷ್ಟೇ. ನಿಜವಾದ ಹೃದಯ ಹಾಗಲ್ಲ. ಎದುರು ಒತ್ತಡ ಜಾಸ್ತಿಯಾದರೆ ಕಡಿಮೆ ಹೊರಹಾಕುತ್ತದೆ, ಒಳಗೆ ಜಾಸ್ತಿ ತುಂಬಿಕೊಂಡರೆ ಮುಂದಿನ ಬಡಿತದಲ್ಲಿ ಜೋರಾಗಿ ಹಿಂಡುತ್ತದೆ. ಈ ಎರಡನೆಯದಕ್ಕೆ ಫ್ರಾಂಕ್ ಮತ್ತು ಸ್ಟಾರ್ಲಿಂಗ್ ಇಬ್ಬರ ಹೆಸರಿದೆ. ಅದೇ ಓಟ್ಟೋ ಫ್ರಾಂಕ್. ಅಡ್ಡಿ ಏರಿಸಿ ನೋಡಿ, ನಿಮ್ಮ ಮೊಂಡು ಯಂತ್ರ ಒಂದು ಹನಿಯೂ ಕಡಿಮೆ ಮಾಡುವುದಿಲ್ಲ.

ಹಾಗಾದರೆ ಏನು ಹಾಕಬೇಕು? ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಯೂನಿವರ್ಸಿಟಿಯಲ್ಲಿ ಸುಗಾ ಮತ್ತು ಸಗಾವಾ ಅನ್ನುವ ಸಂಶೋಧಕರು 1970ರ ದಶಕದಲ್ಲಿ ನಾಯಿಗಳ ಹೃದಯದ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಹೃತ್ಕುಕ್ಷಿಯನ್ನು ಪಿಸ್ಟನ್ ಅಂತ ನೋಡಬೇಡಿ, ಬಿಗಿತ ಬದಲಾಗುವ ಚೀಲ ಅಂತ ನೋಡಿ. ಸಡಿಲಾಗಿದ್ದಾಗ ಒಂದು ಮಿಲೀ ಹೆಚ್ಚಿಗೆ ತುಂಬಿದರೆ ಒತ್ತಡ 0.1 ಮಿಮೀಯಷ್ಟೂ ಏರುವುದಿಲ್ಲ. ಪೂರ್ತಿ ಬಿಗಿದಾಗ ಅದೇ ಒಂದು ಮಿಲೀಗೆ 2 ಮಿಮೀ ಅಥವಾ ಇನ್ನೂ ಜಾಸ್ತಿ. ನಿಮ್ಮ ಭಾಷೆಯಲ್ಲಿ, ಚಾರ್ಜ್ ತುಂಬಿದ ಮೇಲೆ ತಾನೇ ಕುಗ್ಗುವ ಕೆಪಾಸಿಟರ್. ಕುಗ್ಗಿದ ಕೂಡಲೇ ವೋಲ್ಟೇಜ್ ಏರುತ್ತದೆ, ಡಯೋಡ್ ತೆರೆಯುತ್ತದೆ, ಚಾರ್ಜ್ ಮುಂದಕ್ಕೆ ಹೋಗುತ್ತದೆ. ಎಷ್ಟು ಹೋಗಬೇಕು ಅಂತ ನೀವು ಹೇಳಬೇಕಾಗಿಲ್ಲ, ಹೃದಯ ಮತ್ತು ರಕ್ತನಾಳ ಎರಡೂ ಸೇರಿ ತೀರ್ಮಾನ ಮಾಡಿಕೊಳ್ಳುತ್ತವೆ.

ಕೆಲಸದ ಲೆಕ್ಕವನ್ನೂ ಹಾಕಿ, ಚೆನ್ನಾಗಿದೆ. 70 ಮಿಲೀ ರಕ್ತ, ಸರಾಸರಿ 93 ಮಿಮೀ ಒತ್ತಡ, ಗುಣಿಸಿದರೆ ಒಂದು ಬಡಿತಕ್ಕೆ 0.87 ಜೂಲ್. ಸೆಕೆಂಡಿಗೆ 1.2 ಬಡಿತ, ಹೆಚ್ಚುಕಡಿಮೆ ಒಂದು ವ್ಯಾಟ್. ಹಳೇ ಝೀರೋ ಬಲ್ಬ್ ಕೂಡ ಇದಕ್ಕಿಂತ ಜಾಸ್ತಿ ತಿನ್ನುತ್ತಿತ್ತು. (ಇದು ರಕ್ತಕ್ಕೆ ಸಿಗುವ ಶಕ್ತಿ, ಅದೂ ಎಡಭಾಗದ್ದು ಮಾತ್ರ. ಸ್ನಾಯು ಉರಿಸುವುದು ಇದರ ಹಲವು ಪಟ್ಟು.)

ಮತ್ತೆ ಆ ಕೆಳಗಿನ ಅಂಕಿ ಬರೀ ಅಂಕಿ ಅಲ್ಲ. ಎಡ ಹೃತ್ಕುಕ್ಷಿಯ ಸ್ನಾಯುವಿಗೆ ರಕ್ತ ಹೆಚ್ಚಾಗಿ ಸಿಗುವುದು ಅದು ಸಡಿಲಾದ ಹೊತ್ತಲ್ಲೇ, ಬಿಗಿದಾಗ ತನ್ನ ರಕ್ತನಾಳಗಳನ್ನು ತಾನೇ ಹಿಚುಕಿಕೊಳ್ಳುತ್ತದೆ. ಪೇಟಿ ಮಾಸ್ತರರ ಒಳ ತಿದಿ ಒತ್ತುವ ಕೈಗೂ ಊಟ ಹಾಕುತ್ತದೆ ಅನ್ನಿ.

ಸುಮ್ನೆ ಕೇಳ್ದೆ

ಎಲ್ಲ ಸರಿ, ಓದಲು ಮಜವಾಗಿದೆ. ಆದರೆ ಈ ಲೆಕ್ಕದಿಂದ ಯಾವ ರೋಗಿಗೆ ಏನಾಗಿದೆ? ನಾಡಿ ಹಿಡಿದು ನೋಡುವ ಡಾಕ್ಟರುಗಳು ಸಮೀಕರಣ ಇಲ್ಲದೆ ನೂರಾರು ವರ್ಷ ನಡೆಸಲಿಲ್ವಾ?

ಇಸಾರ್ ದಂಡೆ

ನಡೆಸಿದರು, ರಕ್ತ ಸುತ್ತುತ್ತದೆ ಅನ್ನೋದೇ ಗೊತ್ತಿಲ್ಲದೆ. ಊಟದಿಂದ ಲಿವರ್ ರಕ್ತ ಮಾಡುತ್ತದೆ, ಮೈ ಅದನ್ನು ಮುಗಿಸಿಬಿಡುತ್ತದೆ ಅಂತ ಯುರೋಪಿನಲ್ಲಿ ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ ಕಾಲದಿಂದ ನಂಬಿದ್ದರು. 1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಅದನ್ನು ಅಲ್ಲಾಡಿಸಿದ್ದು ಒಂದು ಗುಣಾಕಾರದಿಂದ. ಬಡಿತಕ್ಕೆ ಎಷ್ಟು ರಕ್ತ, ಅರ್ಧ ಗಂಟೆಗೆ ಎಷ್ಟು ಬಡಿತ. ಬೇಕಂತಲೇ ಕಡಿಮೆ ಅಂಕಿ ಹಿಡಿದ, ಆದರೂ ಬಂದ ಉತ್ತರ ಮೈಯಲ್ಲಿರುವ ರಕ್ತಕ್ಕಿಂತ ಜಾಸ್ತಿ. ನಮ್ಮ ಅಂಕಿಗಳಲ್ಲಿ ಹೇಳಿದರೆ 70 ಮಿಲೀ, ನಿಮಿಷಕ್ಕೆ 72, ಅರ್ಧ ಗಂಟೆಗೆ 151 ಲೀಟರ್. ಮೈಯಲ್ಲಿರುವುದೇ 5 ಲೀಟರ್. ಅಷ್ಟು ಊಟ ಯಾರು ಮಾಡುತ್ತಾರೆ? ಅದೇ ರಕ್ತ ಸುತ್ತಿ ಬರುತ್ತಿರಲೇಬೇಕು.

ಈಗಿನ ಮಾತಿಗೆ ಬಂದರೆ, ಫ್ರಾಂಕ್‌ಗೆ ಬೇಕಿದ್ದದ್ದು ಒತ್ತಡದ ಅಲೆ ನೋಡಿ ಬಡಿತಕ್ಕೆ ಎಷ್ಟು ರಕ್ತ ಹೋಗುತ್ತಿದೆ ಅಂತ ಕಂಡುಹಿಡಿಯುವುದು. ಇವತ್ತು ಐಸಿಯುನ ಕೆಲವು ಮಾನಿಟರ್‌ಗಳು ಮಣಿಕಟ್ಟಿನ ರಕ್ತನಾಳದ ಅಲೆಯಿಂದ ಮಾಡುವುದು ಅದನ್ನೇ. ಹೃದಯದ ರಕ್ತನಾಳ ಕಟ್ಟಿಕೊಂಡಿರುವ ಕಡೆ ಒತ್ತಡ ಎಷ್ಟು ಬೀಳುತ್ತದೆ ಅನ್ನೋದನ್ನು ಒಳಗೆ ತಂತಿ ಹಾಕಿ ಅಳೆಯಬೇಕಿತ್ತು. ಸಿಟಿ ಸ್ಕ್ಯಾನ್ ಚಿತ್ರದಿಂದ ಅದನ್ನು ಲೆಕ್ಕ ಹಾಕಿ ಹೇಳುವ ಹಾರ್ಟ್‌ಫ್ಲೋ ಅನ್ನುವ ಸಾಫ್ಟ್‌ವೇರಿಗೆ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿ 3ಡಿ ಬೇಕೇ ಬೇಕು, ಯಾಕಂದ್ರೆ ಪ್ರಶ್ನೆಯೇ ಆ ರೋಗಿಯ ನಾಳದ ಆಕಾರದ್ದು. ಕವಾಟದ ವಿಷಯವೂ ಹಾಗೆಯೇ. ರಕ್ತ ಎಸಳನ್ನು ತಳ್ಳುತ್ತದೆ, ಎಸಳು ರಕ್ತವನ್ನು ತಿರುಗಿಸುತ್ತದೆ, ಎರಡರ ಲೆಕ್ಕವನ್ನೂ ಒಟ್ಟಿಗೆ ಬಿಡಿಸುವ ದಾರಿಯನ್ನು ಗಣಿತಜ್ಞ ಚಾರ್ಲ್ಸ್ ಪೆಸ್ಕಿನ್ 1972ರಲ್ಲಿ ತೋರಿಸಿದರು. ಅಜ್ಜಿಯ 158/70 ಯಾಕೆ ಅನ್ನೋದಕ್ಕೆ ಸೂಪರ್ ಕಂಪ್ಯೂಟರ್ ಕೂರಿಸುವುದು ಒಗ್ಗರಣೆ ಸೌಟಿಗೆ ಭಟ್ಟಿ ಹಚ್ಚಿದ ಹಾಗೆ.

ಹಳೇ ಲ್ಯಾಪ್‌ಟಾಪ್ ಅಂತ ಬೇಸರ ಮಾಡಿಕೊಂಡ ಹುಡುಗನಿಗೆ ಒಂದು ಮಾತು. ಇಂಗ್ಲೆಂಡಿನ ವಿಜ್ಞಾನಿ ಡೆನಿಸ್ ನೋಬಲ್ 1960ರಲ್ಲಿ ಹೃದಯದ ಜೀವಕೋಶದ ಮಿಡಿತವನ್ನು ಮೊದಲು ಲೆಕ್ಕ ಹಾಕಿದ್ದು ಲಂಡನ್ ಯೂನಿವರ್ಸಿಟಿಯ ಮರ್ಕ್ಯುರಿ ಕಂಪ್ಯೂಟರಿನಲ್ಲಿ. ಆತನಿಗೆ ಅದು ಸಿಗುತ್ತಿದ್ದದ್ದು ಬೆಳಗಿನ ಜಾವ 2ರಿಂದ 4.

ಕರೆಂಟ್ ಹೋಯ್ತು

ಮೇಡಂ, ಮೂರು ಪಟ್ಟು ಅಳಿಸಿದ್ದೇನೆ 🙏

ಬದಲಾಗುವ ಕೆಪಾಸಿಟರ್ ಹಾಕಿದೆ, ಕವಾಟಕ್ಕೆ ಡಯೋಡ್, ಅದಕ್ಕೆ 0.01 ಅಡ್ಡಿ. ಆದರೆ ಕವಾಟ ತೆರೆದ ಕೂಡಲೇ ಒತ್ತಡ ಒಂದು ಸಾಲಿನಲ್ಲಿ 300, ಮುಂದಿನ ಸಾಲಿನಲ್ಲಿ ಮೈನಸ್, ಹುಚ್ಚು ಹಿಡಿದ ಹಾಗೆ ಕುಣಿಯುತ್ತಿದೆ. ಅಜ್ಜಿಯ ಹೃದಯ ನನ್ನ ಕೈಯಲ್ಲಿ ಮೂರು ಸಲ ನಿಂತಿದೆ.

ಇಸಾರ್ ದಂಡೆ

ಹೃದಯದ್ದಲ್ಲ, ನಿಮ್ಮ ಹೆಜ್ಜೆಯದ್ದು ತಪ್ಪು. ಕವಾಟದ ಅಡ್ಡಿ 0.01, ಬಿಗಿದ ಹೃತ್ಕುಕ್ಷಿಯ ಹಿಗ್ಗು 0.5. ಗುಣಿಸಿ, 0.005 ಸೆಕೆಂಡ್. ಅಷ್ಟರಲ್ಲಿ ಸಮವಾಗಿ ಮುಗಿಯುವ ಸಂಗತಿಯನ್ನು ನೀವು 0.01ರ ಹೆಜ್ಜೆಯಲ್ಲಿ ನೋಡುತ್ತಿದ್ದೀರಿ, ಪ್ರತಿ ಸಲ ಗುರಿ ದಾಟಿ ಆಚೆ ಬೀಳುತ್ತೀರಿ. 0.001 ಮಾಡಿ.

ಕರೆಂಟ್ ಹೋಯ್ತು

ಸರಿಯಾಯಿತು! ಅಡ್ಡಿ ಏರಿಸಿದರೆ ಈಗ ಹೊರಹೋಗುವ ರಕ್ತ ತಾನೇ ಕಡಿಮೆ ಆಗುತ್ತಿದೆ, ಮೇಡಂ ಹೇಳಿದ ಹಾಗೇ. ಆದರೆ ಸಾಲುಗಳು ಹತ್ತು ಪಟ್ಟಾಗಿ ಎಕ್ಸೆಲ್ ತೇಕುತ್ತಿದೆ. ಇವತ್ತು ರಾತ್ರಿ ಪೈಥಾನ್‌ಗೆ ಎತ್ತಿ ಹಾಕುತ್ತೇನೆ.

ಪೇಟಿ ಮಾಸ್ತರ

ತಮ್ಮಾ, ಆ ಗ್ರಾಫ್ ಇಲ್ಲೊಮ್ಮೆ ಹಾಕು. ಒಳ ತಿದಿಗೆ ಸ್ಪ್ರಿಂಗ್ ಎಷ್ಟು ಬಿಗಿ ಇಡಬೇಕು ಅಂತ ರಿಪೇರಿಯವನಿಗೂ ನನಗೂ ಇನ್ನೂ ಜಗಳ ಇದೆ.