ಮಕ್ಕಳಿಗೆ ಹಳೇ ಕನ್ನಡ ಸಿನಿಮಾ ತೋರಿಸಬೇಕು, ಎಲ್ಲಿಂದ ಶುರು ಮಾಡಲಿ?

ಪುಣೆ ಕನ್ನಡತಿ

ಎಲ್ಲರಿಗೂ ನಮಸ್ಕಾರ. ನನಗೆ ಇಬ್ಬರು ಮಕ್ಕಳು, ಮಗಳಿಗೆ 11 ವರ್ಷ, ಮಗನಿಗೆ 7. ನಾವು ತುಮಕೂರಿನವರು, ಪುಣೆಗೆ ಬಂದು ಒಂಬತ್ತು ವರ್ಷ ಆಯಿತು. ಮನೆಯಲ್ಲಿ ಕನ್ನಡವೇ ಮಾತಾಡುತ್ತೇವೆ, ಆದರೆ ಬಾಗಿಲು ದಾಟಿದರೆ ಮರಾಠಿ, ಹಿಂದಿ. ಹಾಗಾಗಿ ಮಕ್ಕಳ ಕನ್ನಡ ಊಟ, ಸ್ನಾನ, ಹೋಮ್‌ವರ್ಕ್ ಇಷ್ಟರಲ್ಲೇ ನಿಂತುಬಿಟ್ಟಿದೆ. ಹಳೇ ಸಿನಿಮಾ ತೋರಿಸಿದರೆ ಭಾಷೆಯೂ ಸಿಗುತ್ತದೆ, ಜೊತೆಗೆ ನಾನು ಚಿಕ್ಕವಳಿದ್ದಾಗ ಏನನ್ನು ನೋಡಿ ಅತ್ತೆ, ನಕ್ಕೆ ಅನ್ನೋದು ಅವರಿಗೂ ಗೊತ್ತಾಗುತ್ತದೆ ಅಂತ ಆಸೆ.

ಕಳೆದ ಭಾನುವಾರ 'ಬಂಗಾರದ ಮನುಷ್ಯ' ಹಾಕಿದೆ. ನಮ್ಮಪ್ಪನಿಗೆ ಆ ಸಿನಿಮಾ ಅಂದರೆ ಪ್ರಾಣ. 1972ರಲ್ಲಿ ಬಂದಾಗ ಊರಿಂದ ಗಾಡಿ ಕಟ್ಟಿಕೊಂಡು ಹೋಗಿ ನೋಡಿದ್ದರಂತೆ. ಇದನ್ನೆಲ್ಲ ಹತ್ತು ನಿಮಿಷ ಹೇಳಿ, "ನೋಡಿ, ಇಂಥ ಸಿನಿಮಾ ಮತ್ತೆ ಬರಲೇ ಇಲ್ಲ" ಅಂತ ಹೇಳಿ, ಆಮೇಲೆ ಶುರು ಮಾಡಿದೆ. ಇಪ್ಪತ್ತು ನಿಮಿಷಕ್ಕೆ ಮಗ ಎದ್ದು ಹೋದ. ಮಗಳು ಪೂರ್ತಿ ಕೂತಿದ್ದಳು, ಆದರೆ ನನಗೆ ಬೇಜಾರಾಗಬಾರದು ಅಂತಲೇ ಕೂತಿದ್ದು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ರಾತ್ರಿ ಪಾತ್ರೆ ತೊಳೆಯುವಾಗ ನಿಜವಾಗಿ ಅಳು ಬಂತು.

ತಪ್ಪು ಸಿನಿಮಾ ಆರಿಸಿದೆನಾ, ತೋರಿಸಿದ ರೀತಿ ತಪ್ಪಾ? ಯಾವ ವಯಸ್ಸಿಗೆ ಯಾವುದು ಹಿಡಿಸುತ್ತದೆ? ಮಕ್ಕಳ ಜೊತೆ ನೋಡಿದವರು ದಯವಿಟ್ಟು ಹೇಳಿ.

ಮಲೆನಾಡು ಮೇಷ್ಟ್ರು

ಮೇಡಂ, ಸಿನಿಮಾದಲ್ಲಿ ತಪ್ಪಿಲ್ಲ, ಆದರೆ ಅದು ಏಳು ವರ್ಷದ ಹುಡುಗನಿಗಲ್ಲ. ಅಕ್ಕನ ಸಂಸಾರದ ಹೊರೆ ಹೊರುವವನ ಕಷ್ಟ ಅವನಿಗೆ ಹೇಗೆ ಗೊತ್ತಾಗಬೇಕು ಹೇಳಿ? ನಾನು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ, ಆಗಾಗ ಶನಿವಾರ ಪ್ರೊಜೆಕ್ಟರ್ ಹಾಕುತ್ತೇವೆ. ಕಥೆಯ ಒಳಗೆ ಒಂದು ಮಗು ಇರಬೇಕು, ಆ ಮಗುವಿಗೆ ಏನೋ ಒಂದು ಬೇಕಾಗಿರಬೇಕು, ಆಗ ಮಕ್ಕಳು ಕೂರುತ್ತಾರೆ. ಇಷ್ಟು ವರ್ಷದಲ್ಲಿ ನಾನು ಕಂಡಿದ್ದು ಇದು.

ನಿಮ್ಮ ಮಕ್ಕಳಿಗೆ ಪುನೀತ್ ಗೊತ್ತೇ ಇರುತ್ತಾರೆ, ಅಲ್ವಾ? ಅಲ್ಲಿಂದ ಶುರು ಮಾಡಿ. "ಅಪ್ಪು ನಿನ್ನಷ್ಟೇ ಇದ್ದಾಗ ಮಾಡಿದ ಸಿನಿಮಾ" ಅಂದರೆ ಸಾಕು, ಬೇರೆ ಪೀಠಿಕೆ ಬೇಡ. 'ಬೆಟ್ಟದ ಹೂವು' (1985, ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ) ನನ್ನ ಮೊದಲ ಆಯ್ಕೆ. ಬಡ ಹುಡುಗ ರಾಮುಗೆ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳುವ ಆಸೆ. ಕಾಡಿನ ಹೂವು ಹುಡುಕಿ ತಂದುಕೊಟ್ಟು ಕಾಸು ಕಾಸು ಕೂಡಿಸುತ್ತಾನೆ. ಕಾಸು ಸೇರುವ ಹೊತ್ತಿಗೆ ಮನೆಯಲ್ಲಿ ಚಳಿ, ತಮ್ಮ ತಂಗಿಯರಿಗೆ ಹೊದಿಯಲು ಇಲ್ಲ. ಪುಸ್ತಕವಾ, ಕಂಬಳಿಯಾ? ಈ ಸಿನಿಮಾಕ್ಕೆ ಪುನೀತ್‌ಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಐದನೇ ಕ್ಲಾಸಿನ ಮಕ್ಕಳು, ಒಂದು ನಿಮಿಷ ಸುಮ್ನೆ ಕೂರದವರು, ಆ ಹುಡುಗ ಹಣ ಎಣಿಸುವಾಗ ತಾವೂ ಬೆರಳು ಮಡಚಿ ಎಣಿಸುತ್ತಿದ್ದರು. ಮುಗಿದ ಮೇಲೆ ಅರ್ಧ ಕ್ಲಾಸು ಪುಸ್ತಕ ಅಂತು, ಅರ್ಧ ಕ್ಲಾಸು ಕಂಬಳಿ ಅಂತು, ಜಗಳವೇ ಆಯಿತು. ನಾನು ಯಾವ ಕಡೆಯೂ ಮಾತಾಡಲಿಲ್ಲ.

ಆಮೇಲೆ 'ಚಿನ್ನಾರಿ ಮುತ್ತ' (1993). ನಾಗಾಭರಣ ಅವರ ನಿರ್ದೇಶನ, ಎಚ್.ಎಸ್. ವೆಂಕಟೇಶಮೂರ್ತಿ ಅವರ ಹಾಡು, ಸಿ. ಅಶ್ವಥ್ ಸಂಗೀತ. ಸಿನಿಮಾ ಆಮೇಲೆ ನೋಡಿದರೂ ಆಗುತ್ತದೆ, ಮೊದಲು ಹಾಡು ಕಾರಿನಲ್ಲಿ, ಅಡುಗೆಮನೆಯಲ್ಲಿ ಹಾಕುತ್ತಾ ಇರಿ. ಬಾಯಿಪಾಠ ಆದ ಹಾಡು ತೆರೆ ಮೇಲೆ ಬಂದಾಗ ಮಕ್ಕಳು ಎದ್ದು ಹೋಗುವುದಿಲ್ಲ.

ಬೆಣ್ಣೆದೋಸೆ ಊರಿನವನು

ಮೇಷ್ಟ್ರು ಹೇಳಿದ್ದು ಸರಿ, ಆದರೆ ಅಕ್ಕ, ಮೊದಲು ನಗಿಸಿ. ನಮ್ಮ ಮನೆಯಲ್ಲಿ ದಾರಿ ತೆರೆದಿದ್ದು 'ಗುರು ಶಿಷ್ಯರು' (1981). ವಿಷ್ಣುವರ್ಧನ್, ದ್ವಾರಕೀಶ್, ಆ ಪೆದ್ದ ಶಿಷ್ಯರ ದಂಡು. "ದೊಡ್ಡವರೆಲ್ಲ ಜಾಣರಲ್ಲ" ಹಾಡು ಬಂದ ಮೇಲೆ ನನ್ನ ಚಿಕ್ಕ ಮಗ ಅದನ್ನು ಒಂದು ತಿಂಗಳು ಹಾಡಿದ, ಅವನಿಗೆ ಬೈದಾಗಲೆಲ್ಲ ಹಾಡಿದ! ಭಾಷೆ ಕಷ್ಟ ಅನಿಸಲೇ ಇಲ್ಲ, ಯಾಕೆಂದರೆ ನಗು ಮಾತಿನ ಜೊತೆ ಮುಖದಲ್ಲೂ ಇರುತ್ತದೆ. ಪತ್ತೇದಾರಿ ಇಷ್ಟ ಅಂದರೆ 'ಪುಟಾಣಿ ಏಜೆಂಟ್ 123' ಇದೆ, ಸಾಹಸ ಅಂದರೆ 'ಸಿಂಹದ ಮರಿ ಸೈನ್ಯ'. ಎರಡರಲ್ಲೂ ಮಕ್ಕಳದೇ ಆಟ.

ಇನ್ನೊಂದು ಮಾತು. ಎರಡೂವರೆ ಗಂಟೆ ಒಟ್ಟಿಗೆ ಕೂರಿಸಬೇಡಿ. ಇಂಟರ್ವಲ್‌ಗೆ ನಿಲ್ಲಿಸಿ, ಉಳಿದಿದ್ದು ನಾಳೆ. "ಆಮೇಲೆ ಏನಾಯ್ತು" ಅಂತ ಅವರೇ ಕೇಳಿಕೊಂಡು ಬರಲಿ.

ಮೈಸೂರು ಅಜ್ಜ

ತಾಯಿ, ನೀವು ಅತ್ತಿದ್ದು ಓದಿ ಮನಸ್ಸಿಗೆ ಕಷ್ಟ ಆಯಿತು. ನನಗೆ 74. ಮೂರು ಜನ ಮೊಮ್ಮಕ್ಕಳು, ಒಬ್ಬಳು ಹೊರದೇಶದಲ್ಲಿ ಬೆಳೆಯುತ್ತಿದ್ದಾಳೆ, ಕನ್ನಡ ಅರ್ಥ ಆಗುತ್ತದೆ, ಮಾತು ಬರುವುದು ಕಡಿಮೆ. ಅವಳನ್ನು ಹಿಡಿದು ಕೂರಿಸಿದ್ದು ಪೌರಾಣಿಕ.

ಎಲ್ಲರೂ ಪೌರಾಣಿಕ ಅಂದರೆ ಭಾಷೆ ಕಷ್ಟ, ಮಕ್ಕಳಿಗೆ ತಿಳಿಯುವುದಿಲ್ಲ ಅನ್ನುತ್ತಾರೆ. ನನಗೆ ಕಂಡಿದ್ದು ಉಲ್ಟಾ. 1977ರ 'ಬಭ್ರುವಾಹನ' ತೆಗೆದುಕೊಳ್ಳಿ, ಹುಣಸೂರು ಕೃಷ್ಣಮೂರ್ತಿ ಅವರದು. ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್. ಯುದ್ಧಕ್ಕೆ ಮೊದಲು ಅಪ್ಪ ಮಗ ಎದುರಾಬದುರು ನಿಂತು ಹಾಡಿನಲ್ಲೇ ಒಬ್ಬರನ್ನೊಬ್ಬರು ಹೀಯಾಳಿಸುತ್ತಾರಲ್ಲ, "ಯಾರು ತಿಳಿಯರು ನಿನ್ನ ಭುಜಬಲದ ಪರಾಕ್ರಮ", ಪಿ.ಬಿ. ಶ್ರೀನಿವಾಸ್ ಮತ್ತು ರಾಜ್‌ಕುಮಾರ್ ದನಿ. ಒಂದೊಂದು ಪದದ ಅರ್ಥ ನನ್ನ ಮೊಮ್ಮಗಳಿಗೆ ತಿಳಿಯಲಿಲ್ಲ. ಆದರೆ ಯಾರು ಯಾರಿಗೆ ಏಟು ಕೊಟ್ಟರು ಅನ್ನುವುದು ಪ್ರತಿ ಸಾಲಿನಲ್ಲೂ ತಿಳಿಯಿತು. ಎರಡನೇ ಸಲ ನೋಡುವಾಗ "ಅಜ್ಜ, ಪರಾಕ್ರಮ ಅಂದ್ರೆ ಏನು" ಅಂತ ಅವಳೇ ಕೇಳಿದಳು. ಮೊದಲು ದನಿಯ ರುಚಿ ಹತ್ತಬೇಕು, ಅರ್ಥ ತಾನಾಗಿ ಹಿಂದೆ ಬರುತ್ತದೆ. ಮೊದಲೇ ಅರ್ಥ ಹೇಳುತ್ತಾ ಹೋದರೆ ಅದು ಪಾಠ ಆಗಿಬಿಡುತ್ತದೆ ತಾಯಿ.

ದೊಡ್ಡ ಮಗಳಿಗೆ ಬೇರೆ ಒಂದು ಕುತೂಹಲ ಹುಟ್ಟಿಸಬಹುದು. ಒಬ್ಬನೇ ಮನುಷ್ಯ ಒಂದೇ ಚೌಕಟ್ಟಿನಲ್ಲಿ ಇಬ್ಬರಾಗಿ ಹೇಗೆ ನಿಂತ, ಆಗ ಕಂಪ್ಯೂಟರ್ ಇರಲಿಲ್ಲವಲ್ಲ? ಆ ಕಾಲದಲ್ಲಿ ಡಬಲ್ ಆ್ಯಕ್ಟಿಂಗ್‌ಗೆ ಸಾಮಾನ್ಯವಾಗಿ ಕ್ಯಾಮೆರಾದ ಅರ್ಧ ಭಾಗ ಮುಚ್ಚಿ ಒಂದು ಪಾತ್ರ ಚಿತ್ರಿಸಿ, ಅದೇ ರೀಲನ್ನು ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಎರಡನೆಯದನ್ನು ತೆಗೆಯುತ್ತಿದ್ದರು. ಕ್ಯಾಮೆರಾ ಒಂದು ಕೂದಲೆಳೆ ಅಲುಗಾಡಿದರೂ ಕೆಲಸ ಕೆಟ್ಟಿತು. ಇದನ್ನು ಹೇಳಿದ ಮೇಲೆ ನನ್ನ ಮೊಮ್ಮಗ ನಡುವಿನ ಗೆರೆ ಹುಡುಕಿಕೊಂಡೇ ಪೂರ್ತಿ ಸಿನಿಮಾ ನೋಡಿದ.

ಆಮೇಲೆ, ಹಳಬರು ಯಾಕೆ ಅಷ್ಟು ಜೋರಾಗಿ ಮಾತಾಡುತ್ತಾರೆ, ಕೈ ಅಷ್ಟು ಬೀಸುತ್ತಾರೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ನೀವು ತುಮಕೂರಿನವರು, ನಿಮ್ಮ ಗುಬ್ಬಿಯನ್ನೇ ತೋರಿಸಿ ಹೇಳಿ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಎಲ್ಲರೂ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದವರು. ಕಂಪನಿ ನಾಟಕದಲ್ಲಿ ಕೊನೇ ಸಾಲಿನಲ್ಲಿ ಕೂತ ರೈತನಿಗೂ ಮಾತು ಕೇಳಬೇಕು, ಮುಖ ಕಾಣದಿದ್ದರೆ ಕೈಯಾದರೂ ಕಾಣಬೇಕು. ಆ ರಂಗದ ಉಸಿರನ್ನೇ ರಾಜ್‌ಕುಮಾರ್, ನರಸಿಂಹರಾಜು 1954ರ 'ಬೇಡರ ಕಣ್ಣಪ್ಪ' ಸಿನಿಮಾಕ್ಕೆ ತಂದಿದ್ದು. ಊರಿಗೆ ಹೋಗುವಾಗ ಗುಬ್ಬಿ ಸ್ಟೇಷನ್ ಬಂದರೆ ಮಕ್ಕಳಿಗೆ ಕಿಟಕಿಯಿಂದ ತೋರಿಸಿ.

ಕಡಲ ಕರೆ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಳೇದು ಅಂದ ತಕ್ಷಣ ಮಕ್ಕಳಿಗೆ ಒಳ್ಳೇದು ಅಂತ ಅಲ್ಲ. ನಾವು ಚಿಕ್ಕವರಿದ್ದಾಗ ನೋಡಿದ್ದು ಅಂತ 'ನಾಗರಹಾವು' ಹಾಕಿದ್ದೆ. ಚಾಮಯ್ಯ ಮೇಷ್ಟ್ರು, ಚಿತ್ರದುರ್ಗದ ಕೋಟೆ, ಇಷ್ಟೇ ನನಗೆ ನೆನಪಿದ್ದಿದ್ದು. ಅಲಮೇಲುಗೆ ಏನಾಗುತ್ತದೆ, ಕೊನೆಗೆ ಏನಾಗುತ್ತದೆ ಅನ್ನೋದು ಮರೆತೇ ಹೋಗಿತ್ತು. ಒಂಬತ್ತು ವರ್ಷದ ಮಗಳ ಪಕ್ಕ ಕೂತು ರಿಮೋಟ್ ಹುಡುಕಬೇಕಾಯಿತು. ಪುಟ್ಟಣ್ಣ ಕಣಗಾಲ್ ದೊಡ್ಡ ನಿರ್ದೇಶಕರು, ಆ ಸಿನಿಮಾವನ್ನು ನಾನು ಈಗಲೂ ಪ್ರೀತಿಸುತ್ತೇನೆ, ಆದರೆ ಅದು ಹದಿನಾರು ದಾಟಿದವರಿಗೆ. 'ಸತ್ಯ ಹರಿಶ್ಚಂದ್ರ'ದಲ್ಲಿ ಲೋಹಿತಾಶ್ವನಿಗೆ ಹಾವು ಕಚ್ಚಿ, ತಾಯಿ ಅವನನ್ನು ಮಸಣಕ್ಕೆ ಹೊತ್ತು ತರುತ್ತಾಳಲ್ಲ, ಅದನ್ನು ನೋಡಿ ನಮ್ಮವಳು ಎರಡು ರಾತ್ರಿ ನನ್ನ ಪಕ್ಕವೇ ಮಲಗಿದಳು.

ಇನ್ನು ಹೆಂಡತಿಗೆ ಕಪಾಳಕ್ಕೆ ಹೊಡೆಯೋದು, ಹುಡುಗಿಯ ಹಿಂದೆ ಬಿದ್ದು ಕಾಡಿಸೋದು, ದಪ್ಪಗಿರುವವರನ್ನು ನೋಡಿ ನಗೋದು, ಇವೆಲ್ಲ ಆ ಕಾಲದ ಎಷ್ಟೋ ಸಿನಿಮಾಗಳಲ್ಲಿ ಬರುತ್ತವೆ. ಮುಚ್ಚಿಡಬೇಕಾಗಿಲ್ಲ. ಅಲ್ಲೇ ನಿಲ್ಲಿಸಿ "ಇದು ನಿನಗೆ ಸರಿ ಅನಿಸಿತಾ" ಅಂತ ಕೇಳಿ. ನಿಮ್ಮ ಮಗಳಿಗೆ 11, ಅವಳು ಚೆನ್ನಾಗಿಯೇ ಉತ್ತರ ಕೊಡುತ್ತಾಳೆ. ಆದರೆ ದಯವಿಟ್ಟು ಹಿಂದಿನ ರಾತ್ರಿ ನೀವೊಬ್ಬರೇ ಒಂದು ಸಲ ನೋಡಿಕೊಳ್ಳಿ. ನಮ್ಮ ನೆನಪು ಬರೀ ಚೆಂದದ್ದನ್ನೇ ಇಟ್ಟುಕೊಂಡಿರುತ್ತದೆ.

ಹಳೇ ರೀಲು

ಟಿವಿ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. 60, 70ರ ದಶಕದ ಎಷ್ಟೋ ಸಿನಿಮಾಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ, ಅಗಲಕ್ಕೆ ಎತ್ತರ 4:3ರ ಲೆಕ್ಕ. ನಮ್ಮ ಟಿವಿ 16:9. ಸೆಟ್ಟಿಂಗ್ ಸರಿ ಇಲ್ಲದಿದ್ದರೆ ಟಿವಿ ಚಿತ್ರವನ್ನು ಅಡ್ಡಕ್ಕೆ ಎಳೆದುಬಿಡುತ್ತದೆ, ಎಲ್ಲರ ಮುಖ ಚಪ್ಪಟೆ, ಕಾಲು ಗಿಡ್ಡ. ಮಕ್ಕಳು ಹಳೇ ಸಿನಿಮಾ ವಿಚಿತ್ರ ಅನ್ನೋದಕ್ಕೆ ಅರ್ಧ ಕಾರಣ ಇದೇ. ಎರಡೂ ಪಕ್ಕ ಕಪ್ಪು ಪಟ್ಟಿ ಬಂದರೆ ಬರಲಿ, ಚಿತ್ರವನ್ನು ಎಳೆಯಬೇಡಿ. ದನಿಗೆ ಒಂದು ಚಿಕ್ಕ ಸ್ಪೀಕರ್ ಇರಲಿ, ಹಳೇ ಪ್ರಿಂಟಿನ ಮಾತು ಟಿವಿಯ ಸ್ಪೀಕರಿನಲ್ಲಿ ಸರಿಯಾಗಿ ಕೇಳುವುದಿಲ್ಲ. ಅಂತರ್ಜಾಲದಲ್ಲಿ ಒಂದೇ ಸಿನಿಮಾದ ನಾಲ್ಕೈದು ಕಾಪಿ ಇರುತ್ತವೆ, ಐದು ನಿಮಿಷ ಕೊಟ್ಟು ಒಳ್ಳೆಯದನ್ನು ಆರಿಸಿ.

ಕಪ್ಪು ಬಿಳುಪು ಬೇಡ ಅಂದರೆ ಬಣ್ಣ ತುಂಬಿದ್ದೂ ಇದೆ. 'ಸತ್ಯ ಹರಿಶ್ಚಂದ್ರ'ಕ್ಕೆ (1965) ಬಣ್ಣ ತುಂಬಿ 2008ರಲ್ಲಿ, 'ಕಸ್ತೂರಿ ನಿವಾಸ'ಕ್ಕೆ (1971) ಬಣ್ಣ ತುಂಬಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದರು. ನನಗೇನೋ ಕಪ್ಪು ಬಿಳುಪೇ ಇಷ್ಟ. ಮಕ್ಕಳಿಗೆ "ಆಡಿಸಿ ನೋಡು ಬೀಳಿಸಿ ನೋಡು" ಹಾಡೊಂದನ್ನೇ ಎರಡೂ ಥರ ತೋರಿಸಿ, ಅವರೇ ಆರಿಸಲಿ.

ಪುಣೆಯಲ್ಲಿ ಇರುವುದರಿಂದ ನಿಮಗೆ ಇನ್ನೊಂದು ದಾರಿ ಇದೆ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಹಿಂದಿಯಲ್ಲಿದೆ, ಒಂದೊಂದು ಕಂತೂ ಚಿಕ್ಕದು. ಸ್ವಾಮಿ ಮಾಸ್ಟರ್ ಮಂಜುನಾಥ್, ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಭಾಷೆ ಹಿಂದಿ ಆದರೂ ಮನೆ, ಮಳೆ, ಜಗಲಿ ಎಲ್ಲ ನಮ್ಮದೇ. ಅದರಲ್ಲಿ ಬರುವ ರೈಲು ನಿಲ್ದಾಣ ಶಿವಮೊಗ್ಗ ಹತ್ತಿರದ ಅರಸಾಳು, ಈಗ ಅಲ್ಲಿ ಮಾಲ್ಗುಡಿ ಹೆಸರಿನ ಮ್ಯೂಸಿಯಂ ಮಾಡಿದ್ದಾರೆ. ರಜೆಯಲ್ಲಿ ಕರೆದುಕೊಂಡು ಹೋಗಿ.

ಪುಣೆ ಕನ್ನಡತಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ.

ಟಿವಿ ನಿಜವಾಗಿಯೂ ಎಳೆದುಕೊಂಡಿತ್ತು! ಸರಿ ಮಾಡಿದೆ. ಅಜ್ಜನವರ ಮಾತು ಕೇಳಿ ಮೊದಲು 'ಬಭ್ರುವಾಹನ'ದ ಆ ಹಾಡು ಮಾತ್ರ ಹಾಕಿದೆ, ಏನೂ ಹೇಳಲಿಲ್ಲ, ನನ್ನ ಪಾಡಿಗೆ ಬೀನ್ಸ್ ಬಿಡಿಸುತ್ತಾ ಕೂತೆ. ಮಗ ಮೂರು ಸಲ ಹಾಕಿಸಿಕೊಂಡ. ಈಗ ಸ್ಕೇಲ್ ಹಿಡಿದು ಅಕ್ಕನ ಎದುರು ನಿಂತು ಅರ್ಧಂಬರ್ಧ ಹಾಡುತ್ತಾನೆ, ಅವಳು ಅರ್ಜುನ. ಪದ ತಪ್ಪಿದರೆ ಅವಳೇ ತಿದ್ದುತ್ತಾಳೆ.

'ಬೆಟ್ಟದ ಹೂವು' ಹಿಂದಿನ ರಾತ್ರಿ ನಾನೊಬ್ಬಳೇ ನೋಡಿಕೊಂಡು, ಆಮೇಲೆ ಎರಡು ಸಂಜೆ ಸೇರಿ ನೋಡಿದೆವು. ಮೇಷ್ಟ್ರೇ, ನಮ್ಮ ಮನೆಯಲ್ಲೂ ಅದೇ ಜಗಳ. ಮಗಳು ಪುಸ್ತಕದ ಕಡೆ, "ಕಂಬಳಿ ದೊಡ್ಡವರು ತರಬೇಕಿತ್ತು, ಅವನ ದುಡ್ಡು ಅದು" ಅಂತ ಕಣ್ಣು ಒರೆಸಿಕೊಂಡು ವಾದ ಮಾಡಿದಳು. ಇದನ್ನೆಲ್ಲ ಕನ್ನಡದಲ್ಲೇ ಮಾಡಿದಳು, ನಡುವೆ ಮರಾಠಿ ಬಂದಿದ್ದು ಎರಡೇ ಸಲ.

ಬರುವ ಶನಿವಾರ 'ಗುರು ಶಿಷ್ಯರು'. ಅಪ್ಪನಿಗೆ ಫೋನ್ ಮಾಡಿ ಹೇಳಿದೆ, ಶುಕ್ರವಾರದ ರೈಲಿಗೆ ಟಿಕೆಟ್ ಮಾಡಿಸಿಕೊಂಡಿದ್ದಾರೆ.