ಅಪ್‌ಡೇಟ್: ವಾದ್ಯ ಮೇಳ, ರಾಕ್ ಶೋ ಎರಡೂ ಆಯ್ತು

ವಾದ್ಯಗಳ ವ್ಯಾಪಾರ ಮೇಳ ನೋಡೋಕೆ ಹಾಸನದಿಂದ ಬೆಂಗಳೂರಿಗೆ ಹೋಗ್ತಿದ್ದೇವೆ, ಅದೇ ಶನಿವಾರ ರಾತ್ರಿ ರಾಕ್ ಶೋಗೂ ಹೋದರೆ ಕಿವಿ ತಡೆಯುತ್ತಾ ಅಂತ ಕೇಳಿದ್ದೆ. ಹೋಗಿ ಬಂದೆವು. ಧಾರಾಳವಾಗಿ ಎರಡೂ ಮಾಡಬಹುದು!

ಆದರೆ ಕಿವಿಯ ಲೆಕ್ಕ ಬೆಳಗ್ಗೆಯಿಂದಲೇ ಇಡಿ. ಮೇಳದ ಹಾಲ್‌ನಲ್ಲಿ ಒಂದು ಕಡೆ ಡ್ರಮ್ಸ್ ಬಡಿಯುತ್ತಿರುತ್ತಾರೆ, ಪಕ್ಕದಲ್ಲೇ ಇನ್ಯಾರೋ ಆಂಪ್ (ಗಿಟಾರ್ ಸದ್ದು ಹೆಚ್ಚಿಸುವ ಪೆಟ್ಟಿಗೆ) ಜೋರು ಮಾಡಿ ಗಿಟಾರ್ ನೋಡುತ್ತಿರುತ್ತಾರೆ, ಸಂತೆಗಿಂತ ಜಾಸ್ತಿ ಗದ್ದಲ. ಸದ್ದು 85 ಡೆಸಿಬೆಲ್ ಇದ್ದರೆ ಕಿವಿಗೆ ದಿನಕ್ಕೆ 8 ಗಂಟೆ ಪರವಾಗಿಲ್ಲ, ಆಮೇಲೆ ಪ್ರತಿ 3 ಡೆಸಿಬೆಲ್‌ಗೂ ಸಮಯ ಅರ್ಧ ಆಗುತ್ತಾ ಹೋಗಿ, 100ಕ್ಕೆ ಬರುವಷ್ಟರಲ್ಲಿ ಉಳಿಯೋದು ಬರೀ 15 ನಿಮಿಷ. ರಾಕ್ ಶೋ ಅಷ್ಟನ್ನು ಸುಲಭವಾಗಿ ಮುಟ್ಟುತ್ತದೆ.

ನೀವೆಲ್ಲ ಹೇಳಿದ ಫೋಮ್ ಇಯರ್‌ಪ್ಲಗ್ ಮೆಡಿಕಲ್ ಶಾಪ್‌ನಲ್ಲೇ ಸಿಕ್ಕಿತು. ಸುಮ್ನೆ ತುರುಕಿದರೆ ಆಗಲ್ಲ. ಬೆರಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗೆ ತೂರಿಸಿ, ಅದು ಉಬ್ಬುವವರೆಗೆ ಒತ್ತಿ ಹಿಡಿಯಬೇಕು. ಹಾಡಿನ ಮಾತು ಸ್ವಲ್ಪ ಮಂಕಾಯಿತು, ನಿಜ. ಆದರೆ ಬೇಸ್ ನೇರ ಎದೆಗೇ ಬಡಿಯುತ್ತಿತ್ತು, ಮಾರನೇ ದಿನ ಕಿವಿ ಗುಂಯ್ ಅನ್ನಲೇ ಇಲ್ಲ.

ಮೇಳದಲ್ಲಿ ನನಗೆ ತುಂಬಾ ಇಷ್ಟವಾದದ್ದು ಗಿಟಾರ್ ರಿಪೇರಿ ಸ್ಟಾಲ್. ನಮ್ಮ ಕಡೆ ಮಳೆಗಾಲದಲ್ಲಿ ಮರ ತೇವ ಕುಡಿದು ಗಿಟಾರ್‌ನ ನೆಕ್ (ತಂತಿ ಒತ್ತುವ ಉದ್ದನೆಯ ಕತ್ತು) ಬಾಗುತ್ತೆ ಅಲ್ವಾ, ಅದನ್ನು ಮನೆಯಲ್ಲೇ ನೋಡೋದು ಹೇಗೆ ಅಂತ ತೋರಿಸಿದರು: ಒಂದೇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಕೊನೇ ಫ್ರೆಟ್‌ನಲ್ಲೂ ಒತ್ತಿ, 7ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಸಂದು ಎಷ್ಟಿದೆ ನೋಡಿ. ಕೂದಲೆಳೆಯಷ್ಟಿದ್ದರೆ ಸಾಕು. ಜಾಸ್ತಿ ಇದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು.

ಶೋ ಮುಗಿಸಿ ಮೆಜೆಸ್ಟಿಕ್‌ಗೆ ಬಂದರೆ ಹಾಸನದ ಬಸ್ ಸಿಕ್ಕಿತು. ಮುಂದಿನ ಸಲ ನಮ್ಮ ಡ್ರಮ್ಮರ್‌ನೂ ಕರೆದುಕೊಂಡು ಹೋಗ್ತೇವೆ, ಅವನಿಗೊಂದು ಜೊತೆ ಪ್ಲಗ್ ಈಗಲೇ ತಂದಿಟ್ಟಿದ್ದೇನೆ.