ಸಹಾಯ ಬೇಕು: ಕೊರೊನಾ ಕಾಲದಲ್ಲಿ ಡಿಗ್ರಿ ಓದಿದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. 2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿದ ಮೇಲೆ ಆನ್‌ಲೈನ್ ಕ್ಲಾಸಿನಲ್ಲೇ ಡಿಗ್ರಿ, ಪಿಜಿ ಓದಿದವರ ಅನುಭವ ನನ್ನ ಎಂ.ಎ. ಪ್ರಬಂಧಕ್ಕೆ ಬೇಕಾಗಿದೆ. ಮಲೆನಾಡು, ಕರಾವಳಿಯ ಹಳ್ಳಿಯವರು ಸಿಕ್ಕರೆ ದೊಡ್ಡ ಉಪಕಾರ. ಸಿಗ್ನಲ್‌ಗಾಗಿ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದ್ದು ಪೇಪರಿನಲ್ಲೂ ಬಂತು. ನನಗೆ ಬೇಕಿರುವುದು ಮನೆಯೊಳಗಿನ ಮಾತು. ಇದ್ದ ಒಂದು ಮೊಬೈಲ್ ಅಣ್ಣನಿಗೆ ಹೋಯಿತೋ, ನಿಮಗೆ ಸಿಕ್ಕಿತೋ? ಕ್ಲಾಸಿನ ಮಧ್ಯೆಯೇ ಹೆಣ್ಣುಮಕ್ಕಳನ್ನು ಅಡುಗೆಮನೆಗೆ ಕರೆಯುತ್ತಿದ್ದರೇ? ಕೆಮಿಸ್ಟ್ರಿ ಲ್ಯಾಬಿನ ಟೈಟ್ರೇಶನ್ ಪ್ರಯೋಗವನ್ನು ವಿಡಿಯೊದಲ್ಲಷ್ಟೇ ನೋಡಿದ ಬಿಎಸ್ಸಿಯವರಿಗೆ ಆಮೇಲೆ ಅದಕ್ಕೆ ಬಳಸುವ ಬ್ಯುರೆಟ್ (ಅಳತೆಯ ಗಾಜಿನ ಕೊಳವೆ) ಹಿಡಿಯಲು ಬಂತೇ?

ರೆಕಾರ್ಡಿಂಗ್ ಮತ್ತೆ ಮತ್ತೆ ಕೇಳಿ ಚೆನ್ನಾಗಿ ಅರ್ಥವಾಯಿತು ಎನ್ನುವವರೂ ದಯವಿಟ್ಟು ಬರೆಯಿರಿ, ಬರೀ ದೂರುಗಳನ್ನು ಸೇರಿಸಿದರೆ ಅನ್ಯಾಯವಾಗುತ್ತದೆ. ಟೈಪ್ ಮಾಡಲು ಪುರುಸೊತ್ತಿಲ್ಲದಿದ್ದರೆ ವಾಯ್ಸ್ ಮೆಸೇಜ್ ಸಾಕು. ಹೆಸರು, ಕಾಲೇಜು ಎಲ್ಲೂ ಹಾಕುವುದಿಲ್ಲ. ಇನ್‌ಬಾಕ್ಸ್ ಮಾಡಿ.